ಒಂದು ದಿನದ ಪರದೇಶ

ಗಂಡನ ಬಾಯಿಂದ ಲವಂಗದ ವಾಸನೆ ಬಂದ ಕೂಡಲೇ ಕಮಲಾವತಿಯ ಎದೆ ಧಸಕ್ಕೆಂದಿತು. "ಸ್ವಲ್ಪ ಗಾಳಿಗೆ ಹೋಗಿ ಬರ್ತೇನೆ" ಎಂದು ಎದ್ದುಹೋಗಿದ್ದ ಚಂದ್ರರಾಜ ಆಗಷ್ಟೇ ಮರಳಿದ್ದ. ಮಾಹೆಯ ಕಡಲತೀರದಲ್ಲಿ ಕುಳಿತವರಿಗೆ ಗಾಳಿಗೇನು ಬರವೇ?

ನೆರೆಮನೆಯ ದಮಯಂತಿ ಮೊದಲೇ ಎಚ್ಚರಿಸಿದ್ದಳು. "ಸಮುದ್ರ ಮಂಗಳೂರಿನಲ್ಲಿಯೂ ಉಂಟಲ್ಲ ಕಮಲಕ್ಕ. ಗಂಡಸರು ಮಾಹೆಗೇ ಹೋಗುವುದು ಯಾಕೆ? ಅದು ಫ್ರೆಂಚರ ದೇಶ. ಅಲ್ಲಿ ಶರಾಬು ನೀರಿಗಿಂತ ಅಗ್ಗವಂತೆ. ಕುಡಿದು ವಾಸನೆ ಮುಚ್ಚಲು ಲವಂಗ ಅಗಿಯುತ್ತಾರಂತೆ."

ಪುತ್ತಿಗೆಯ ಚಂದ್ರರಾಜ ಪೇಪರು ಓದುವವನಲ್ಲ, ಊರು ಬಿಟ್ಟು ಕದಲುವವನೂ ಅಲ್ಲ. ಅಂಥವನು ಐವತ್ತನಾಲ್ಕನೇ ಇಸವಿಯ ದೀಪಾವಳಿ ಮುಗಿದದ್ದೇ ತಡ, "ಒಂದು ದಿನ ಪರದೇಶ ನೋಡಿ ಬರುವ" ಎಂದು ಹೆಂಡತಿಯನ್ನೂ ತಾಯಿ ಅನಂತಮತಿಯನ್ನೂ ರೈಲು ಹತ್ತಿಸಿದ್ದ. ಗಡಿ ಬಂದಾಗ ಅವನ ಹಣೆ ಬೆವರಿತ್ತು. ಆದರೆ ಸುಂಕದ ಕಟ್ಟೆ ಬಿಕೋ ಎನ್ನುತ್ತಿತ್ತು. ಅದರ ಕಂಬಕ್ಕೆ ಯಾರೋ ಆಡು ಕಟ್ಟಿದ್ದರು. "ಫ್ರೆಂಚರು ದೊಡ್ಡ ಮನಸ್ಸಿನವರು" ಎಂದು ಹೇಳಿ ಅವನು ಸರಸರನೆ ನಡೆದುಬಿಟ್ಟಿದ್ದ.

ಕುಡುಕನ ಜೊತೆ ಬಾಳುವುದುಂಟೇ? ನಾಳೆಯೇ ಬೆಳ್ತಂಗಡಿಯ ತವರಿಗೆ ಹೊರಟುಬಿಡುವುದು ಎಂದು ಕಮಲಾವತಿ ನಿರ್ಧರಿಸಿದಳು. ನಿರ್ಧರಿಸಿದ ಮೇಲೆ ಅಳು ಬಂತು. ಪಾಪ, ಉಳಿದಂತೆ ಒಳ್ಳೆಯ ಗಂಡನೇ.

ಸ್ವಲ್ಪ ಹೊತ್ತಿಗೆ ಚಂದ್ರರಾಜ ಮತ್ತೆ ಎದ್ದ. ಅತ್ತೆ ತೂಕಡಿಸುತ್ತಿದ್ದರು. ಕಮಲಾವತಿ ಸೆರಗು ಸಿಕ್ಕಿಸಿ ಬೆನ್ನು ಹಿಡಿದಳು. ಅವನು ಶರಾಬಿನಂಗಡಿಯ ಮುಂದೆ ನಿಂತ, ಆಚೀಚೆ ನೋಡಿದ, ಪಕ್ಕದ ಚಹಾದಂಗಡಿಯ ಹಿಂಬದಿಗೆ ಜಾರಿಕೊಂಡ. ಅವಳು ಹೋಗಿ ನೋಡಿದರೆ, ಅವನ ಕಣ್ಣಲ್ಲಿ ನೀರು, ಉಬ್ಬಿದ ಕೆನ್ನೆ. ಕೈಯಲ್ಲಿ ಬಾಟಲಿ ಇರಲಿಲ್ಲ, ಬಾಳೆಲೆಯಿತ್ತು. ಎಲೆಯ ತುಂಬ ಆಗಷ್ಟೇ ಎಣ್ಣೆಯಿಂದ ತೆಗೆದ ನೀರುಳ್ಳಿ ಬಜೆ!

"ಇದಕ್ಕಾ ನೀವು ಇಷ್ಟು ದೂರ ಬಂದದ್ದು?"

"ಮೆಲ್ಲ ಮಾರಾಯ್ತಿ! ಬಸದಿಯಲ್ಲಿ ಅಮ್ಮನ ಮುಂದೆ ಆಣೆ ಹಾಕಿದ್ದೇನಲ್ಲ. ನಮ್ಮ ದೇಶದಲ್ಲಿ ಇರುವಷ್ಟು ದಿನ ನೀರುಳ್ಳಿ ಮುಟ್ಟುವುದಿಲ್ಲ ಅಂತ. ಇದು ಬೇರೆ ದೇಶ ಅಲ್ಲವಾ?"

ಕಮಲಾವತಿಗೆ ನಗು ತಡೆಯಲಾಗಲಿಲ್ಲ. ಕುಡುಕನಲ್ಲ, ಬರೀ ಬಾಯಿಚಪಲದವನು! ಮದುವೆಯಾದ ಹೊಸತರಲ್ಲಿ ಅವಳೂ ಅದೇ ಆಣೆ ಹಾಕಿದ್ದಳು. ಸಂತೋಷದ ಭರದಲ್ಲಿ ಅವಳೂ ಒಂದನ್ನು ಬಾಯಿಗೆ ಹಾಕಿಕೊಂಡಳು.

"ಚಂದ್ರಾ!"

ಹಿಂದೆ ಅನಂತಮತಿ ನಿಂತಿದ್ದರು. ಮಗ, ಸೊಸೆ ಇಬ್ಬರ ದವಡೆಯೂ ಇದ್ದಲ್ಲೇ ನಿಂತಿತು. ಮುದುಕಿ ಎಲೆಯನ್ನು ನೋಡಿದರು, ಮಗನನ್ನು ನೋಡಿದರು.

"ನೀನು ಹೇಳಿದ್ದೆಲ್ಲ ಕೇಳಿತು. ಇದು ಬೇರೆ ದೇಶ ಹೌದಾ?"

"ಹೌದಮ್ಮ."

"ಖಂಡಿತ?"

"ನಿಮ್ಮಾಣೆ."

ಅನಂತಮತಿ ಬೆಂಚಿನ ಮೇಲೆ ಸಾವಕಾಶವಾಗಿ ಕುಳಿತರು. "ಹಾಗಾದರೆ ನನಗೂ ಬಿಸಿಯದ್ದು ಹೇಳು. ಬೇಗ, ಹೊತ್ತು ಮುಳುಗಿದ ಮೇಲೆ ನಾನು ತಿನ್ನುವುದಿಲ್ಲ."

ಮೂರು ಎಲೆ ಖಾಲಿಯಾದವು. ಮೂರನ್ನೂ ಖಾಲಿ ಮಾಡಿದವರು ಅನಂತಮತಿಯೊಬ್ಬರೇ. ಕೊನೆಗೆ ಬೆರಳು ಒರೆಸಿಕೊಂಡು, ಬಂಟ್ವಾಳದಿಂದ ಬಂದು ಅಲ್ಲಿ ಅಂಗಡಿ ಇಟ್ಟಿದ್ದ ಧರ್ಣಪ್ಪನನ್ನು ಕರೆದು ಮನಸಾರೆ ಹರಸಿದರು. "ನಿಮ್ಮ ಫ್ರೆಂಚ್ ಸರಕಾರ ತಣ್ಣಗಿರಲಿ ಮಗಾ."

"ಯಾವ ಫ್ರೆಂಚರಮ್ಮ?" ಧರ್ಣಪ್ಪ ಬಾಣಲೆಯಿಂದ ತಲೆಯೆತ್ತಿದ. "ಅವರು ಮಳೆಗಾಲದಲ್ಲೇ ಗಂಟುಮೂಟೆ ಕಟ್ಟಿದರು, ಈಗ ಇದೂ ನಮ್ಮ ದೇಶವೇ!"