ದ್ವೀಪದ ಸಹಿ

ಜಗತ್ತನ್ನು ಉಳಿಸುವ ಒಪ್ಪಂದಕ್ಕೆ ಒಂದೇ ಒಂದು ಸಹಿ ಬಾಕಿ ಇದ್ದಾಗ ದ್ವೀಪರಾಷ್ಟ್ರದ ಫೋನು ಬಡಿದುಕೊಂಡಿತು.

ದ್ವೀಪರಾಷ್ಟ್ರವೆಂದರೆ ಸುಕನ್ಯಾ, ಬಿ.ಎ. ಕೊನೆಯ ವರ್ಷ. ಶಹಾಪುರದ ಕಾಲೇಜೊಂದರ ಸಭಾಂಗಣದಲ್ಲಿ ಅಣಕು ಹವಾಮಾನ ಶೃಂಗಸಭೆ ನಡೆದಿತ್ತು. ಕೃಷ್ಣೆಯ ನಡುಗಡ್ಡೆಯಿಂದ ಬಂದವಳೆಂಬ ಒಂದೇ ಅರ್ಹತೆಯ ಮೇಲೆ ಬಸವಲಿಂಗ ಸರ್ ಅವಳಿಗೆ ಮುಳುಗುವ ದೇಶವನ್ನು ಕೊಟ್ಟಿದ್ದರು. ಆ ದೇಶದ ಹೆಸರು ಅವರ ನಾಲಿಗೆಗೆ ಹತ್ತದ್ದರಿಂದ, ಅವಳ ಕೊರಳಿಗೆ ಕಟ್ಟಿದ ರಟ್ಟಿನ ಮೇಲೆ ಬರೀ ‘ದ್ವೀಪ’ ಎಂದು ಬರೆದಿದ್ದರು. ಹತ್ತಿ ವ್ಯಾಪಾರಿಯ ಮಗ ಶಿವರಾಜನಿಗೆ ಅಮೆರಿಕ ಸಿಕ್ಕಿತ್ತು; ತರಗತಿಯಲ್ಲಿ ಬುಲೆಟ್ ಗಾಡಿ ಇದ್ದದ್ದು ಅವನೊಬ್ಬನಿಗೆ. ಪ್ರಿನ್ಸಿಪಾಲರ ತಿರುಗುವ ಕುರ್ಚಿಯೂ ಹೇಗೋ ಅವನ ಕೆಳಗೇ ಬಂದಿತ್ತು.

ಫೋನಿನಲ್ಲಿ ಅವ್ವ ರೇಣಮ್ಮ. “ಸಂಜೀಕ ಡ್ಯಾಮಿಂದ ನೀರ್ ಬಿಡ್ತಾರಂತ, ಡಂಗುರಾ ಸಾರ್ಯಾರ. ಗಡ್ಡಿ ಮಂದಿ ಎಲ್ಲಾ ಆ ದಂಡಿಗಿ ಹೋದ್ರು. ಈ ಆಡು ನನ್ ಮಾತ್ ಕೇಳವಲ್ವು. ನೀ ದಂಡಿ ಮ್ಯಾಲ ನಿಂತು ಕರದ್ರ ನೀರಾಗ ಈಸಿ ಬರ್ತಾವ. ಇವನ್ನ ಬಿಟ್ಟು ನಾ ಬರಂಗಿಲ್ಲ. ಜಲ್ದಿ ಬಾ.”

ಅವ್ವ ಹೇಳಿದ್ದು ನಿಜ. ಆ ಆಡುಗಳಿಗೆ ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಸಿದವಳು ಸುಕನ್ಯಾ. ಅವಳ ದನಿ ಬಂದ ಕಡೆ ನೆಲವಿದೆಯೋ ನೀರಿದೆಯೋ ಎಂದು ಅವು ನೋಡುತ್ತಿರಲಿಲ್ಲ.

“ಸರ್, ನಾ ಹೋಗಬೇಕ್ರಿ.”

“ಹೆಂಗ ಹೋಗ್ತಿ?” ಸರ್ ಗಾಬರಿಯಾದರು. “ಇಲ್ಲಿ ಓಟು ನಡೆಯಂಗಿಲ್ಲ, ಒಮ್ಮತ ಬೇಕು. ಎಷ್ಟ ಸಣ್ಣ ದೇಶ ಇರ್ಲಿ, ಅದು ಒಲ್ಲೆ ಅಂದ್ರ ಜಗತ್ತೇ ನಿಂತು ಬಿಡ್ತದ. ಅದೇ ಇದರ ಶಕ್ತಿ. ಐದು ಮಾರ್ಕಿಗಿ ಬರ್ತದ, ನೆನಪಿಟ್ಕೋ.”

ಜಗತ್ತು ಬೆಳಗಿನಿಂದ ನಿಂತದ್ದೂ ಒಂದು ಮಾತಿನ ಮೇಲೆ. ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಬೇಕು ಎಂದು ದ್ವೀಪ; ತಗ್ಗಿಸಲು ಯತ್ನಿಸಬೇಕು ಎಂದು ಅಮೆರಿಕ. ಜಗಳ ಬೇರೆಯವರ ಪಾಲಿಗೆ ಬಂದ ಖುಷಿಯಲ್ಲಿ ಚೀನಾ ಮತ್ತು ಭಾರತ ಹಿಂದಿನ ಬೆಂಚಿನಲ್ಲಿ ಒಂದೇ ಪೊಟ್ಟಣದ ಮಿರ್ಚಿ ತಿನ್ನುತ್ತಿದ್ದವು.

ಸುಕನ್ಯಾ ಅಮೆರಿಕದ ಮುಂದೆ ಹೋಗಿ ನಿಂತಳು. “ಶಿವರಾಜ, ನಿನ್ನ ಗಾಡಿ ಮ್ಯಾಲ ಹೊಳಿ ದಂಡಿತನಕ ಬಿಡ್ತೀಯೇನು? ಬಿಡ್ತೀನಿ ಅಂದ್ರ ನಿನ್ನ ಮಾತೇ ಇರ್ಲಿ, ಸಹಿ ಹಾಕ್ತೀನಿ.”

“ಅಷ್ಟೇ ಏನವಾ ದ್ವೀಪಾ? ಮಾತು ಕೊಟ್ಟೆ, ತಗೋ.” ಕುರ್ಚಿ ಒಂದು ಸುತ್ತು ತಿರುಗಿತು.

ಸರ್ ಪುಳಕಗೊಂಡರು. “ಇದಕ್ಕ ರಾಜತಾಂತ್ರಿಕತೆ ಅಂತಾರ ನೋಡ್ರಿ!” ಎಂದು ಒಪ್ಪಂದಕ್ಕೆ ತಾವೇ ಒಂದು ಸಾಲು ಸೇರಿಸಿದರು: ‘ಅಪಾಯದಲ್ಲಿರುವ ದ್ವೀಪಕ್ಕೆ ಅಮೆರಿಕವು ಸಾರಿಗೆ ನೆರವು ನೀಡುವುದು.’ ಸುಕನ್ಯಾ ಸಹಿ ಹಾಕಿದಳು. ಚಪ್ಪಾಳೆ ಬಿತ್ತು. ಎಲ್ಲ ದೇಶಗಳೂ ಪರಸ್ಪರ ಕೈ ಹಿಡಿದು ಮೇಲೆತ್ತಿದವು. ಫೋಟೋದಲ್ಲಿ ರಷ್ಯಾ ಕಣ್ಣು ಮುಚ್ಚಿದ್ದರಿಂದ ಇನ್ನೊಮ್ಮೆ ಎತ್ತಿದವು.

ಅವಳು ಚೀಲ ಎತ್ತಿಕೊಂಡು ಹೊರಗೆ ಓಡಿ ಬಂದಾಗ ಶಿವರಾಜ ಆಗಲೇ ಗಾಡಿ ಚಾಲೂ ಮಾಡಿದ್ದ.

“ಇವತ್ತೇ ಅಂತ ಎಲ್ಲಿ ಬರ್ದದ ಹೇಳು?” ಎಂದ. “ನಮ್ಮಪ್ಪ ಹತ್ತಿ ಮಾರ್ಕೆಟ್ಟಿಗಿ ಬಾ ಅಂದಾನ. ನಾಳಿ ನೋಡೋಣಂತ.”

“ಮಾತು ಕೊಟ್ಟಿದ್ದಿಯಲ್ಲಾ!”

“ಕೊಟ್ಟಿದ್ದು ಅಮೆರಿಕ, ನಾ ಅಲ್ಲ.” ಕೊರಳಿನ ರಟ್ಟು ಕಿತ್ತು ಅವಳ ಕೈಗಿಟ್ಟ. “ಈಗ ಅಮೆರಿಕ ಒಪ್ಪಂದದಿಂದ ಹೊರಗ ಬಂತು. ಖರೇ ಅಮೆರಿಕಾನೂ ಹಿಂದ ಹಿಂಗೇ ಬಂದಿಲ್ಲೇನು?”

ಬುಲೆಟ್ ಒಂದಿಷ್ಟು ಹೊಗೆ ಬಿಟ್ಟು ಗೇಟು ದಾಟಿತು. ಸುಕನ್ಯಾ ಸರ್ ಕಡೆ ಓಡಿದಳು. ಅವರು ಕಾರಿನಲ್ಲಿ ಕುಳಿತಿದ್ದರು. ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

“ಏನ್ ಮಾಡಾಕ ಬರ್ತದವಾ? ಮಾತು ತಪ್ಪಿದವರಿಗಿ ಇದ್ರಾಗ ಶಿಕ್ಷಾನೇ ಇಲ್ಲ. ಅದೇ ಇದರ ದೌರ್ಬಲ್ಯ.” ಒಳಗಿನ ತಂಪು ಹೊರಗೆ ಹೋಗದಂತೆ ಗಾಜು ಏರಿಸುತ್ತಾ ಸೇರಿಸಿದರು, “ಅದಕ್ಕೂ ಐದು ಮಾರ್ಕು ಅದ.”

ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತು ನಿಂತು ಹೋಯಿತು. ಅವಳು ದಂಡೆಗೆ ಬರುವಷ್ಟರಲ್ಲಿ ಹೊಳೆ ಕೆಂಪಾಗಿ ಉಬ್ಬಿತ್ತು. ಗಡ್ಡೆಯ ಮಂದಿಯನ್ನು ದಾಟಿಸುವ ಅಂಬಿಗ ಅಕ್ರಮ್ ತನ್ನ ಹರಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿದ್ದ. “ನಿಮ್ಮವ್ವಗ ಕೈ ಮುಗದು ಕರದೆ, ಆಡು ಬಿಟ್ಟು ಬರಲಿಲ್ಲ,” ಎಂದ. “ಇನ್ನ ಹೊಳಿ ಇಳಿಯೋತನಕ ಯಾರಿಗೂ ದಾಟಾಕ ಆಗಂಗಿಲ್ಲ.”

ಕೂಗಿದರೆ ಕೇಳುವಷ್ಟೇ ದೂರದಲ್ಲಿ ಗಡ್ಡೆ. ಅದರ ಅಂಚಿನಲ್ಲಿ ಅವ್ವ, ಅವಳ ಸುತ್ತ ಆಡುಗಳು.

“ಯವ್ವಾ!” ಎಂದು ಸುಕನ್ಯಾ ಒದರಿದಳು.

ಅವ್ವನಿಗಿಂತ ಮೊದಲು ಆಡುಗಳು ತಲೆ ಎತ್ತಿದವು. ಮುಂದಿನದು ಓಡಿ ಬಂದು ಮುಂಗಾಲು ನೀರಿಗಿಟ್ಟಿತು. ಹಿಂದಿನವು ಅದನ್ನು ಒತ್ತತೊಡಗಿದವು.

“ಕರೀಬ್ಯಾಡ!” ಅಕ್ರಮ್ ಅವಳ ರಟ್ಟೆ ಹಿಡಿದ. “ಈ ಸೆಳವಿನ್ಯಾಗ ಇಳದ್ರ ಒಂದೂ ಉಳಿಯಂಗಿಲ್ಲ.”

ಗಡ್ಡೆಯ ಅಂಚಿನಲ್ಲಿ ರೇಣಮ್ಮ ಕೋಲು ಅಡ್ಡ ಹಿಡಿದು ಆಡುಗಳನ್ನು ಹಿಂದಕ್ಕೆ ತಳ್ಳಿದಳು. ಆಮೇಲೆ ಈ ಕಡೆ ತಿರುಗಿ ಕೂಗಿದಳು, “ಯಾಕ ಇಷ್ಟು ತಡಾ ಮಾಡಿದೇ ಸುಕನ್ಯಾ? ಏನ್ ಮಾಡಾಕತ್ತಿದ್ದಿ?”

ಆಡುಗಳೂ ಕಿವಿ ನಿಮಿರಿಸಿ ಉತ್ತರಕ್ಕೆ ಕಾದವು. ಸುಕನ್ಯಾ ಕೊರಳಲ್ಲಿ ಇನ್ನೂ ತೂಗುತ್ತಿದ್ದ ‘ದ್ವೀಪ’ವನ್ನು ಎರಡೂ ಕೈಯಿಂದ ಎತ್ತಿ ಬಾಯಿಗೆ ಒತ್ತಿಕೊಂಡು ನಿಂತಳು.