ಕೋರ್ಟಿಗೆ ಹೋದ ರೊಟ್ಟಿ

ಒಂದು ಸಣ್ಣ ಕಡಿತಕ್ಕೆ ಆದ ಖರ್ಚು ಇಷ್ಟು: ಕಿಶೋರ ಸಾಹೇಬರ ತೋಳಿಗೆ ಘಟಪ್ರಭಾದ ದವಾಖಾನೆಯಲ್ಲಿ ಒಂದು ಇಂಜೆಕ್ಷನ್, ನಾಗನೂರಿನ ಗುಡ್ಡವ್ವ ಕಳೆದುಕೊಂಡ ಎರಡು ದಿನದ ಕಳೆ ತೆಗೆಯುವ ಕೂಲಿ. ಗಂಡ ಉದ್ದಪ್ಪನೂ ಬಂದಿದ್ದರೆ ಅವನ ಬಸ್ ಚಾರ್ಜೂ ಸೇರುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಗಂಡಸನ್ನು ಯಾಕೆ ಕರೆದೊಯ್ಯಬೇಕೆಂದು ಆಕೆ ಅವನನ್ನು ಎಮ್ಮೆ ಕಾಯಲು ಬಿಟ್ಟು ಗೋಕಾಕದ ಕೋರ್ಟಿಗೆ ಬಂದಿದ್ದಳು.

ಕಚ್ಚಿದವಳು ಒಂಬತ್ತು ವರ್ಷದ ಆಮ್ರಪಾಲಿ. ಹೆತ್ತವರಿಲ್ಲದ ಅವಳನ್ನು ಸಾಕಲೆಂದು ಸರ್ಕಾರದವರು ಗುಡ್ಡವ್ವನ ಮನೆಗೆ ಕೊಟ್ಟು ಆರು ತಿಂಗಳಾಗಿತ್ತು. ಮಗು ಹೇಗಿದೆಯೆಂದು ನೋಡಲು ಬಂದ ಅಧಿಕಾರಿ ಕಿಶೋರ, ಹುಡುಗಿ ಹೊದೆಯುವ ಕೌದಿ ಮಡಚಿಟ್ಟಿದ್ದರ ಮೇಲೆ ಕೂತದ್ದೇ ತಡ, ಕೆಳಗಿನಿಂದ ಕರಕರ ಸದ್ದು. ಕೈ ಹಾಕಿ ಎಳೆದರೆ ಖಡಕ್ ರೊಟ್ಟಿಯ ಚೂರು. ಎರಡನೇ ಸಲ ಕೈ ಹಾಕಿದಾಗ ಹುಡುಗಿಯ ಹಲ್ಲು. ದಿಂಬಿನೊಳಗೆ, ಶಾಲೆಯ ಪಾಟೀಚೀಲದಲ್ಲಿ, ಜಂತಿಯ ಸಂದಿನಲ್ಲಿ, ಎಲ್ಲೆಲ್ಲೂ ರೊಟ್ಟಿ. ಇವಳನ್ನು ಮಾನಸಿಕ ಆಸ್ಪತ್ರೆಯಲ್ಲಿ ಇಡಬೇಕೆಂದು ಆತ ಅರ್ಜಿ ಬರೆದ. ಆದರೆ ಸಾಕಲು ಕೊಟ್ಟ ಮಗುವನ್ನು ಹಾಗೆ ಕಳಿಸಲು ಕೋರ್ಟಿನ ಒಪ್ಪಿಗೆ ಬೇಕು. ಅದಕ್ಕೇ ಮೂವರೂ ಈಗ ಜಡ್ಜ್ ಮೇಡಂ ಅವರ ಕೋಣೆಯಲ್ಲಿ ನಿಂತಿದ್ದರು. ಗುಡ್ಡವ್ವ ಬಗಲಲ್ಲಿ ಒಂದು ಕೈಚೀಲ ಅವುಚಿಕೊಂಡಿದ್ದಳು.

"ಹೊಟ್ಟಿ ತುಂಬ ಉಣ್ಣಾಕ ಕೊಟ್ರೂ ಮುಚ್ಚಿಡತಾಳ್ರಿ ಮೇಡಂ. ಯಾಕಂತ ಕೇಳಿದ್ರ ಕಡೀತಾಳ," ಎಂದ ಕಿಶೋರ. ಕೆಟ್ಟ ಮನುಷ್ಯನಲ್ಲ, ಇಂಜೆಕ್ಷನ್ನಿನ ನೋವು ಇನ್ನೂ ಇಳಿದಿರಲಿಲ್ಲ.

"ನಮ್ಮ ಕಡೆ ಎಲ್ಲಾರ ಮನ್ಯಾಗೂ ಬುಟ್ಟಿ ತುಂಬ ರೊಟ್ಟಿ ಒಟ್ಟಿರತಾರ್ರಿ," ಎಂದಳು ಗುಡ್ಡವ್ವ. "ಅಂಥವರನ್ನೆಲ್ಲಾ ದವಾಖಾನಿಗೆ ಹಾಕಿದ್ರ ನಾಗನೂರಾಗ ದೀಪಾ ಹಚ್ಚಾಕ ಒಬ್ರೂ ಉಳಿಯೂದಿಲ್ರಿ."

"ಬುಟ್ಟ್ಯಾಗ ಇಡತಾರ ಗುಡ್ಡವ್ವಾರ, ಕೌದ್ಯಾಗ ಅಲ್ಲ!"

"ನೀವು ಬಂದು ಮ್ಯಾಲ ಕುಂದರತೀರಿ ಅಂತ ಆ ರೊಟ್ಟಿಗೇನ್ ಗೊತ್ತಿತ್ರಿ ಸಾಹೇಬ್ರ?"

ಮೇಡಂ ನಗು ತಡೆದುಕೊಂಡು ಹುಡುಗಿಯನ್ನು ಹತ್ತಿರ ಕರೆದರು. "ಕಚ್ಚೋದು ತಪ್ಪಲ್ವಾ? ಸರ್‌ಗೆ ತಪ್ಪಾಯ್ತು ಅನ್ನು."

"ಅವರು ನನ್ನ ರೊಟ್ಟಿ ಮುರದಾರ್ರಿ. ಮೊದಲ ಅವರು ಅನ್ಲಿ."

ಕಿಶೋರ ಗೋಡೆಯ ಕ್ಯಾಲೆಂಡರ್ ನೋಡಿದ, ಫ್ಯಾನು ನೋಡಿದ. "ತಪ್ಪಾತವಾ," ಎಂದ ಕೊನೆಗೆ.

"ನಂದೂ ತಪ್ಪಾತ್ರಿ," ಎಂದಳು ಹುಡುಗಿ.

"ಅಷ್ಟೊಂದು ರೊಟ್ಟಿ ನಿನಗೆ ಯಾಕಮ್ಮ?" ಮೇಡಂ ಕೇಳಿದರು.

"ಬುತ್ತಿರಿ. ಈ ಆಯಿ ಮನಿ ನನಗ ನಾಕನೇದು. ಪ್ರತಿ ಸಲ ಜೀಪ್ ಬರತೈತಿ, ಹತ್ತು ಅಂತಾರ. ಊರಿಗೆ ಹೊಂಟವರಿಗೆ ಎಲ್ಲಾರೂ ಬುತ್ತಿ ಕಟ್ಟತಾರ್ರಿ, ನನಗ ಯಾರೂ ಕಟ್ಟಲಿಲ್ಲ. ಅದಕ್ಕ ನಾನ ತಯಾರ ಇಟ್ಕೊಂಡೇನಿ. ಜೀಪ್ ಯಾವಾಗ ಬರತೈತೋ ಯಾರಿಗ್ಗೊತ್ತು."

ಗುಡ್ಡವ್ವ ಕೈಚೀಲವನ್ನು ಸೆರಗಿನ ಮರೆಗೆ ಇನ್ನಷ್ಟು ಒಳಗೆ ತಳ್ಳಿದಳು.

ಮೇಡಂ ಪೆನ್ನು ಮುಚ್ಚಿದರು. ಒಪ್ಪಿಗೆ ಕೊಡುವುದಿಲ್ಲ, ಮನಸ್ಸಿನ ಡಾಕ್ಟರೇ ಬೇಕಾದರೆ ನಾಗನೂರಿಗೆ ಹೋಗಿ ಹುಡುಗಿಯ ಜೊತೆ ಮಾತಾಡಲಿ ಎಂದರು. "ಕೌದಿ ಮೇಲೆ ಮಾತ್ರ ಕೂರಬಾರದು ಅಂತ ಹೇಳಿ ಕಳಿಸಿ." ಆಮೇಲೆ ಹುಡುಗಿಯತ್ತ ಬಾಗಿದರು. "ನನಗೂ ಇದು ಐದನೇ ಊರು ನೋಡಮ್ಮ. ವರ್ಗಾವಣೆ ಆರ್ಡರ್ ಬಂತೆಂದರೆ ಹೊರಡಬೇಕು."

"ನಿಮಗಾರ ಯಾರರ ಬುತ್ತಿ ಕಟ್ಟಿದ್ರೇನ್ರಿ?"

ಮೇಡಂ ನೆನಪಿಸಿಕೊಳ್ಳುತ್ತ ಕೂತರು. ಅಷ್ಟರಲ್ಲಿ ಹುಡುಗಿ ಪಾಟೀಚೀಲದಿಂದ ಒಂದು ರೊಟ್ಟಿ ತೆಗೆದು, ಕಿಶೋರನ ಅರ್ಜಿಯ ಮೇಲೆ ಸರಿಯಾಗಿ ನಡುವಿಗೆ ಇಟ್ಟಳು. "ಇಟ್ಕೋರಿ. ತಿಂಗಳಾದ್ರೂ ಕೆಡೂದಿಲ್ಲ." ಅರ್ಜಿ ವಾಪಸು ತೆಗೆದುಕೊಳ್ಳಲು ಕಿಶೋರ ಕೈ ಚಾಚಿದ, ಹುಡುಗಿಯ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಗುಡ್ಡವ್ವ ಕೈಚೀಲ ಬಿಚ್ಚಿದಳು. ಮೆತ್ತನೆಯ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅದರ ಕೆಳಗೆ ಒಗೆದು ಮಡಚಿದ ಆಮ್ರಪಾಲಿಯ ಎರಡು ಫ್ರಾಕು.

"ಆಯಿ, ಇದ ಯಾರಿಗೆ ಕಟ್ಟಿದ್ದಿ?"

"ಯಾರಿಗೂ ಅಲ್ಲ. ಸುಮ್ನ ಉಣ್ಣ."

ಬಸ್ಸು ಬರುವಷ್ಟರಲ್ಲಿ ಬುತ್ತಿ ಖಾಲಿಯಾಯಿತು. ಎರಡು ದಿನದ ಕೂಲಿ ಹೋಯಿತು, ಒಂದು ಖಡಕ್ ರೊಟ್ಟಿ ಹೋಯಿತು. ಹುಡುಗಿ ಉಳಿದಳು.