ಚಹಾದಂಗಡಿಯ ಇಲಿ

ದೇವರ ಬತ್ತಿ ಹೊಸೆಯುವಾಗ ಬೇವಿನ ಹೊಗೆ ಬಂದರೆ ಈಗಲೂ ನನ್ನ ಕೈ ನಿಲ್ಲುತ್ತದೆ.

ಸವಣೂರಿನ ನಮ್ಮ ಅಂಗಡಿ ಓಣಿಯಲ್ಲಿ ಅವತ್ತು ಮಧ್ಯಾಹ್ನವೂ ಅವ್ವನ ಹತ್ತಿರ ಕುಳಿತು ಬತ್ತಿ ಹೊಸೆಯುತ್ತಿದ್ದೆ. ಎದುರಿನ ಚಹಾದಂಗಡಿಯ ಕಾಕಾ ಬಾಗಿಲಿಗೆ ಬಂದರು.

"ಅಕ್ಕಾರ, ನಮ್ಮ ಅಂಗಡ್ಯಾಗ ಇಲಿ ಸತ್ತು ಬಿದ್ದೈತ್ರಿ. ಪ್ಲೇಗು ಬಂತು. ಓಣಿ ಮಂದಿ ಹೊಲದಾಗ ಗುಡಿಸಲಾ ಹಾಕಾಕ ಹೊಂಟಾರ. ನೀವೂ ಗಂಟು ಕಟ್ರಿ."

"ನಮ್ಮನ್ಯಾಗ ಒಂದೂ ಬಿದ್ದಿಲ್ರಿ. ಅಷ್ಟರ ಮಟ್ಟಿಗೆ ದೇವರು ಕಾಯ್ದಾನ" ಎಂದಳು ಅವ್ವ.

ನಾನು ತಲೆ ಎತ್ತಲಿಲ್ಲ. ನಾಲ್ಕು ದಿನದ ಹಿಂದೆ ನಮ್ಮ ಮನೆಯ ಜೋಳದ ಚೀಲದ ಹಿಂದೆ ಸತ್ತಿದ್ದ ಇಲಿಯನ್ನು ನನ್ನ ತಮ್ಮ ಬಾಲ ಹಿಡಿದೆತ್ತಿ ಗಟಾರಕ್ಕೆ ಎಸೆದಿದ್ದ. ಹೇಳಿದರೆ ಓಣಿ ಬಿಡಬೇಕಾಗುತ್ತದೆ, ಕಾಕಾ ದಿನಾ ಬಶಿಯಲ್ಲಿ ಕೊಡುವ ಚಹಾ ತಪ್ಪುತ್ತದೆ ಎಂದು ನಾನೇ ಅವನ ಬಾಯಿ ಮುಚ್ಚಿಸಿದ್ದೆ.

ಬೆಳಿಗ್ಗೆಯಿಂದ ಕೌದಿ ಹೊದ್ದು ಮಲಗಿದ್ದ ತಮ್ಮ ಒಳಗಿನಿಂದ ಕೂಗಿದ. "ಅವ್ವಾ, ತೊಡಿ ಸಂದ್ಯಾಗ ಗಂಟಾಗೇತಿ."

ಅವ್ವ ನನ್ನ ಮುಖ ನೋಡಿದಳು.

ಅದು ಪ್ಲೇಗಿನ ಗಂಟೆಂದು ತಿಳಿದು ಕಾಕಾ ಒಂದು ಮೆಟ್ಟಿಲು ಕೆಳಗಿಳಿದರು. ಆದರೆ ಓಡಿಹೋಗಲಿಲ್ಲ, ಅದೂ ಒಂದು ಪುಣ್ಯವೇ. "ಬೇವಿನ ಹೊಗಿ ಹಾಕ್ರಿ, ಅಕ್ಕಾರ. ನಾ ಗಾಡಿ ತರ್ತೇನಿ" ಎಂದರು.

ಬತ್ತಿ ಬದಿಗಿಟ್ಟು, ಬೇವಿನ ಸೊಪ್ಪು ಮುರಿಯಲು ನಾನು ಹಿತ್ತಲಿಗೆ ಹೋದೆ.